‘ನಾಳೆ ಅಪ್ಪನ್ನ ಕರಕೊಂಡ ಬಾ’ ಅನ್ನೋ ಮೊದಲು

ಒಂದರಿಂದ ಮೂರನೇ ತರಗತಿಯ ಮಕ್ಕಳ ಮಟ್ಟಿಗೆ ‘ಸಸ್ಪೆಂಡ್’ ಎಂಬ ಶಬ್ದ ನಮ್ಮ ಶಾಲೆಗಳ ಯಾವ ದಾಖಲೆಯಲ್ಲೂ ಸಿಗುವುದಿಲ್ಲ. ಕೆಲಸ ಮಾತ್ರ ನಡೆದೇ ಇರುತ್ತದೆ. ‘ನಾಳೆ ನಿಮ್ಮಪ್ಪನ್ನ ಕರಕೊಂಡ ಬಾ, ಇಲ್ಲಾಂದ್ರ ಸಾಲಿಗೇ ಬರಬ್ಯಾಡ’ ಅನ್ನುತ್ತೇವೆ. ಅಪ್ಪ ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗಿದ್ದರೆ ಆ ನಾಳೆ ಹದಿನೈದು ದಿನಕ್ಕೂ ಬರುವುದಿಲ್ಲ. ‘ಒಂದ ವಾರ ಮನ್ಯಾಗ ಇಟಗೊಳ್ರಿ, ಬುದ್ಧಿ ಬರ್ಲಿ’ ಅನ್ನುತ್ತೇವೆ. ಇಡೀ ಮಧ್ಯಾಹ್ನ ಪಡಸಾಲೆಯಲ್ಲಿ ಕೂರಿಸುತ್ತೇವೆ. ಒಂದನೇ ತರಗತಿಯವನನ್ನು ‘ಇನ್ನೂ ಸಣ್ಣಾವದಾನ’ ಅಂತ ಅಂಗನವಾಡಿ ಕಡೆ ತಿರುಗಿಸುತ್ತೇವೆ. ಎಲ್ಲಕ್ಕಿಂತ ಕೆಟ್ಟ ರೂಢಿ ಇನ್ನೊಂದಿದೆ: ಅದೇ ಶಾಲೆಯ ಐದನೇ ತರಗತಿಯಲ್ಲಿ ಅಕ್ಕ ಇದ್ದರೆ ಅವಳನ್ನು ಕರೆಸಿ ‘ಇವನ್ನ ಮನೀಗೆ ಬಿಟ್ಟ ಬಾ’ ಅನ್ನುವುದು. ಅವಳು ಮನೆಗೆ ಹೋದವಳು ಭಾಂಡೆ ತಿಕ್ಕುತ್ತಾ ಅಲ್ಲೇ ಉಳಿಯುತ್ತಾಳೆ. ಹಾಜರಿ ಪುಸ್ತಕದಲ್ಲಿ ಇಬ್ಬರೂ ಹಾಜರು, ಪಾಠ ಇಬ್ಬರಿಗೂ ಇಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2015ರಿಂದ ಮೂರನೇ ತರಗತಿಯವರೆಗಿನ ಮಕ್ಕಳನ್ನು ಬರೀ ‘ಹೇಳಿದ ಮಾತು ಕೇಳಲಿಲ್ಲ’ ಎಂಬ ಕಾರಣಕ್ಕೆ ಸಸ್ಪೆಂಡ್ ಮಾಡುವಂತಿಲ್ಲ ಎಂಬ ಕಾನೂನು ಬಂತು. ಅಲ್ಲಿ ಪ್ರತಿ ಸಸ್ಪೆನ್ಶನ್ ಕಾಗದದ ಮೇಲಿರುತ್ತದೆ, ಹಾಗಾಗಿ ಎಣಿಸಿದರು, ಎಣಿಸಿದ ಮೇಲೆ ನಾಚಿದರು. ನಮ್ಮಲ್ಲಿ ಕಾಗದವೇ ಇಲ್ಲದ್ದರಿಂದ ಎಣಿಕೆಯೂ ಇಲ್ಲ. ಕಾನೂನು ಮಾತ್ರ ನಮ್ಮಲ್ಲಿ ಅವರಿಗಿಂತ ಗಟ್ಟಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮಿನ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯಲ್ಲಿ ನಪಾಸಾದವರನ್ನು ಅಲ್ಲೇ ಉಳಿಸಿಕೊಳ್ಳಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು, ಆದರೆ ಹೊರಹಾಕಬಾರದೆಂಬ ಮಾತನ್ನು ಮುಟ್ಟಲಿಲ್ಲ. 17ನೇ ಕಲಮು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ಒಟ್ಟಿಗೇ ನಿಷೇಧಿಸುತ್ತದೆ. ‘ಈ ದಡ್ಡ’ ಅಂತ ಎಲ್ಲರೆದುರು ಕರೆಯುವುದನ್ನೂ ಎರಡನೆಯದಕ್ಕೇ ಸೇರಿಸಬೇಕು ಎಂಬುದು ನನ್ನ ಲೆಕ್ಕ. ಅನುದಾನವಿಲ್ಲದ ಖಾಸಗಿ ಶಾಲೆಗೂ ಇದು ಅನ್ವಯ. ಅಲ್ಪಸಂಖ್ಯಾತ ಸಂಸ್ಥೆಗಳನ್ನು ಮಾತ್ರ 2014ರಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯಿಂದ ಹೊರಗಿಟ್ಟಿತು. ಕಾಯ್ದೆಯ ವಯಸ್ಸು ಆರರಿಂದ ಹದಿನಾಲ್ಕು. ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಇದರ ನೇರ ಆಸರೆ ಇಲ್ಲ. ಹುಬ್ಬಳ್ಳಿಯಂಥ ಊರಲ್ಲಿ ‘ನಿಮ್ಮ ಹುಡುಗ ಇಲ್ಲಿ ಸೆಟ್ ಆಗಾಂಗಿಲ್ರಿ’ ಎಂಬ ಮಾತು ಹೆಚ್ಚಾಗಿ ಆ ವಯಸ್ಸಿನಲ್ಲೇ ಕೇಳಿಬರುವುದಕ್ಕೆ ಇದೂ ಒಂದು ಕಾರಣ.

ಕಾನೂನನ್ನು ಬದಿಗಿಟ್ಟು ನೋಡಿದರೂ ಮನೆಗೆ ಕಳಿಸುವುದು ಕೆಲಸಕ್ಕೆ ಬಾರದ ಉಪಾಯ. ಏಳು ವರ್ಷದ ಮಗುವಿಗೆ ತಾನು ಮಾಡಿದ್ದಕ್ಕೂ ಆಮೇಲೆ ಆದದ್ದಕ್ಕೂ ನಡುವಿನ ಗಂಟು ಬೇಗ ಸಡಿಲಾಗುತ್ತದೆ. ಮೂರನೇ ದಿನ ಮನೆಯಲ್ಲಿ ಕೂತವನಿಗೆ ಯಾಕೆ ಕೂತೆ ಅನ್ನುವುದೇ ಮರೆತಿರುತ್ತದೆ. ಅಲ್ಲಿ ಮೊಬೈಲ್ ಇದೆ, ಆಡಿನ ಮರಿ ಇದೆ, ಹತ್ತಿ ಬಿಡಿಸುವ ದಿನವಾದರೆ ತೊಟ್ಟಿಲು ತೂಗಲು ಒಂದು ಕೈ ಸಿಕ್ಕಿತೆಂದು ಮನೆಯವರಿಗೂ ಬೇಜಾರಿಲ್ಲ. ಅವನು ಕಲಿತದ್ದು ಒಂದೇ: ಪಾಠದ ಓದುವ ಕಾರ್ಡು ಬಂದಾಗ ಪಕ್ಕದವಳನ್ನು ಕಚ್ಚಿದರೆ ಕಾರ್ಡು ತಪ್ಪುತ್ತದೆ.

ನಾನು ಮೊದಲು ಹಿಡಿಯುವುದು ಒಂದು ವಹಿಯನ್ನು. ನೂರು ಪುಟದ ಉದ್ದ ವಹಿ ಸಾಕು. ಒಂದು ಮಗುವಿಗೆ ಎರಡು ಪುಟ, ಹತ್ತು ಶಾಲಾ ದಿನ. ಆರು ಮನೆ ಗೆರೆ ಹಾಕುತ್ತೇನೆ: ದಿನ ಮತ್ತು ವೇಳೆ, ಎಲ್ಲಿ, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆದಿತ್ತು, ಮಗು ಏನು ಮಾಡಿತು, ಆಮೇಲೆ ನಾವು ಏನು ಮಾಡಿದೆವು, ಎಷ್ಟು ನಿಮಿಷ. ಉಡಾಳ, ಹಟಮಾರಿ, ಕಿಡಿಗೇಡಿ ಎಂಬ ಪದಗಳಿಗೆ ಈ ವಹಿಯಲ್ಲಿ ಜಾಗವಿಲ್ಲ. ಕಣ್ಣಿಗೆ ಕಂಡ ಕ್ರಿಯೆಯನ್ನಷ್ಟೇ ಬರೆಯುವುದು. ‘ತ್ರಾಸ ಕೊಟ್ಟ’ ಅಂತ ಬರೆದರೆ ಹತ್ತು ದಿನದ ನಂತರ ಓದುವವರಿಗೆ ಏನೂ ತಿಳಿಯುವುದಿಲ್ಲ. ‘ಸ್ಲೇಟು ಒಗೆದ’ ಅಂದರೆ ತಿಳಿಯುತ್ತದೆ. ಒಂದು ವಾರದ ಪುಟ ಹೀಗಿರುತ್ತದೆ (ನಲಿ-ಕಲಿ ಅಂದರೆ ಕೆಳ ತರಗತಿಯ ಮಕ್ಕಳು ಕಾರ್ಡು ಹಿಡಿದು ಗುಂಪುಗಳಲ್ಲಿ ಕಲಿಯುವ ಪದ್ಧತಿ, ತಟ್ಟೆ ಅಂದರೆ ಅಂಥ ಒಂದು ಗುಂಪು):

ಸೋಮವಾರ 10.25. ನಲಿ-ಕಲಿ ಕೋಣೆ, 5ನೇ ತಟ್ಟೆ. ಮುಂಚೆ: ಓದುವ ಕಾರ್ಡು ಕೊಟ್ಟು ನಾನು 1ನೇ ತಟ್ಟೆಗೆ ಹೋದೆ. ಮಾಡಿದ್ದು: ಪಕ್ಕದವಳ ಸ್ಲೇಟು ಕಸಿದು ಒಗೆದ. ಆಮೇಲೆ: ಬಯ್ದು ನನ್ನ ಬಾಜೂಕ ಕೂರಿಸಿಕೊಂಡೆ. 10 ನಿಮಿಷ.

ಸೋಮವಾರ 1.05. ನಳದ ಹತ್ತಿರ. ಮುಂಚೆ: ಕೈ ತೊಳೆಯಲು ಎಲ್ಲರನ್ನೂ ಒಮ್ಮೆಲೇ ಬಿಟ್ಟೆವು. ಮಾಡಿದ್ದು: ಮುಂದಿನವನನ್ನು ತಳ್ಳಿದ. ಆಮೇಲೆ: ಸಾಲಿನ ಕೊನೆಗೆ ನಿಲ್ಲಿಸಿದೆ.

ಮಂಗಳವಾರ 10.30. 5ನೇ ತಟ್ಟೆ. ಮುಂಚೆ: ಓದುವ ಕಾರ್ಡು. ಮಾಡಿದ್ದು: ಚಪ್ಪರಕ್ಕೆ ಕಟ್ಟಿದ್ದ ಚಿತ್ರ ಹರಿದ. ಆಮೇಲೆ: ಹೊರಗೆ ನಿಲ್ಲಿಸಿದೆ. 15 ನಿಮಿಷ.

ಬುಧವಾರ. ಏನೂ ಇಲ್ಲ. (ಗಣಿತ; ಗುಂಪಿನಲ್ಲಿ ಹುಣಸೆಬೀಜ ಎಣಿಸುವ ಕೆಲಸ.)

ಗುರುವಾರ 10.20. 5ನೇ ತಟ್ಟೆ. ಮುಂಚೆ: ಓದುವ ಕಾರ್ಡು, ನಾನು ದೂರ. ಮಾಡಿದ್ದು: ಚೀರಿ ನೆಲಕ್ಕೆ ಉರುಳಿದ. ಆಮೇಲೆ: ಬಾಜೂಕ ಕೂರಿಸಿಕೊಂಡೆ.

ಶನಿವಾರ 8.40. ಪ್ರಾರ್ಥನೆಯ ಸಾಲು. ತಳ್ಳಿದ. ಕೇಳಿದರೆ ಮುಂಜಾನೆ ಏನೂ ತಿಂದಿಲ್ಲ.

ಈ ಪುಟಕ್ಕೆ ಪಂಡಿತರು ಬೇಕಿಲ್ಲ. ಮೂರು ಸಲ ಒಂದೇ ಕಥೆ: ಒಬ್ಬನೇ, ಓದುವ ಕಾರ್ಡು, ಶಿಕ್ಷಕರು ದೂರ. ಕಾರ್ಡು ಅವನ ಮೈಲಿಗಲ್ಲಿಗಿಂತ, ಅಂದರೆ ಅವನು ಮುಟ್ಟಿದ ಕಲಿಕೆಯ ಮಟ್ಟಕ್ಕಿಂತ, ಮುಂದಿನದು, ಓದಲು ಬರುವುದಿಲ್ಲ. 5ನೇ ತಟ್ಟೆ ಸ್ವಕಲಿಕೆಯದು, ಕೇಳಿದರೆ ಹೇಳಿಕೊಡುವವರು ಯಾರೂ ಇಲ್ಲ. ಗದ್ದಲ ಮಾಡಿದರೆ ಒಂದೋ ಶಿಕ್ಷಕರು ಬಾಜೂಕ ಕೂರಿಸಿಕೊಳ್ಳುತ್ತಾರೆ, ಇಲ್ಲವೋ ಹೊರಗೆ ಕಳಿಸುತ್ತಾರೆ. ಎರಡರಲ್ಲೂ ಗೆದ್ದವನು ಅವನೇ. ಇಲ್ಲಿ ಬದಲಾಯಿಸಬೇಕಾದ್ದು ಹುಡುಗನನ್ನಲ್ಲ, ಕಾರ್ಡನ್ನು. ಕಲಿಕಾ ಏಣಿಯಲ್ಲಿ ಎರಡು ಮೆಟ್ಟಿಲು ಇಳಿಸಿ, 3ನೇ ತಟ್ಟೆಗೆ, ಅಂದರೆ ಓದಬಲ್ಲ ಒಬ್ಬ ಸಹಪಾಠಿಯ ಪಕ್ಕಕ್ಕೆ ಹಾಕುತ್ತೇನೆ. ಕಾರ್ಡು ಕೊಟ್ಟ ಮೊದಲ ಮೂರು ನಿಮಿಷದೊಳಗೆ, ಗದ್ದಲ ಶುರುವಾಗುವ ಮುಂಚೆ, ಅವನ ಹತ್ತಿರ ಒಮ್ಮೆ ಹೋಗಿ ಬರುತ್ತೇನೆ. ಗದ್ದಲವಾದ ಮೇಲೆ ಹೋಗುವ ಹತ್ತು ನಿಮಿಷಕ್ಕಿಂತ ಮುಂಚೆ ಹೋಗುವ ಅರ್ಧ ನಿಮಿಷ ಹೆಚ್ಚು ಫಲ ಕೊಡುತ್ತದೆ.

ಎಲ್ಲ ಪುಟಗಳೂ ಇಷ್ಟು ಸಲೀಸಾಗಿ ಬಾಯಿ ಬಿಡುವುದಿಲ್ಲ. ಯಾವ ಹೊತ್ತಿಗೂ ಯಾವ ಕೆಲಸಕ್ಕೂ ಹೊಂದದೆ ದಾಖಲೆ ಚದುರಿದ್ದರೆ ನಾನು ಮೈಯ ಕಡೆ ನೋಡುತ್ತೇನೆ. ಮೊದಲು ಕಿವಿ. ಮಗುವಿನ ಬೆನ್ನ ಹಿಂದೆ ಒಂದು ತೋಳಳತೆ ದೂರ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಪಿಸುದನಿಯಲ್ಲಿ ‘ಗಿಳಿ, ಸೂಜಿ, ಬಸವ’ ಅಂತ ಒಂದೊಂದಾಗಿ ಹೇಳಿ, ತಿರುಗಿ ಹೇಳಿಸುವುದು. ಒಂದು ಕಿವಿ ಮುಚ್ಚಿಸಿ ಇನ್ನೊಂದಕ್ಕೆ, ಆಮೇಲೆ ಅದಲು ಬದಲು. ಎರಡು ಬೇರೆ ಬೇರೆ ದಿನ ತಪ್ಪಿದರೆ, ಅಥವಾ ಕಿವಿ ಸೋರುತ್ತಿದ್ದರೆ, ‘ಹೇಳಿದ ಮಾತು ಕೇಳಾಂಗಿಲ್ಲ’ ಎಂಬ ದೂರಿನ ಅರ್ಥವೇ ಬದಲಾಗುತ್ತದೆ. ಆಮೇಲೆ ಕಣ್ಣು: ಹಲಗೆ ನೋಡುವಾಗ ಕಣ್ಣು ಕಿರಿದು ಮಾಡುವುದು, ಪಕ್ಕದವರ ಸ್ಲೇಟಿನಿಂದ ನಕಲು ಮಾಡುವುದು. ಮೂರನೆಯದು ಬಹಳ ಜನ ಗಮನಿಸದ್ದು. ದಿನಕ್ಕೆ ಹಲವು ಸಲ, ನಾಲ್ಕಾರು ಸೆಕೆಂಡು, ಮಗು ಇದ್ದಲ್ಲೇ ಶೂನ್ಯ ನೋಡುತ್ತಾ ನಿಲ್ಲುತ್ತದೆ. ಹೆಸರು ಕರೆದರೆ ಓ ಅನ್ನುವುದಿಲ್ಲ, ಮತ್ತೆ ಏನೂ ಆಗಿಲ್ಲವೆಂಬಂತೆ ಬರೆಯತೊಡಗುತ್ತದೆ. ಅದು ಅಲಕ್ಷ್ಯವಲ್ಲ, ಮೂರ್ಛೆರೋಗದ ಒಂದು ಬಗೆ ಇರಬಹುದು, ವೈದ್ಯರೇ ನೋಡಬೇಕು. ಶಾಲೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಆರೋಗ್ಯ ತಂಡಕ್ಕೆ ಇಂಥ ಮಕ್ಕಳ ಹೆಸರು ಮೊದಲೇ ಬರೆದಿಟ್ಟು ಕೊಡಬೇಕು. ತಂಡ ಬಂದ ದಿನ ಮುನ್ನೂರು ಮಕ್ಕಳ ಸಾಲಿನಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಭಾಷೆಯ ಮಾತು ಬೇರೆಯೇ. ಗದಗ ಜಿಲ್ಲೆಯ ತಾಂಡಾಗಳಿಂದ ಬರುವ ಮಗು ಮನೆಯಲ್ಲಿ ಲಂಬಾಣಿ, ಹಳೇ ಹುಬ್ಬಳ್ಳಿಯ ಓಣಿಯಿಂದ ಬರುವ ಮಗು ಉರ್ದು ಆಡುತ್ತದೆ. ‘ಚಾಪಿ ಮಡಚಿ, ಕಾರ್ಡ ಜಾಗಾಕ್ಕ ಇಟ್ಟ, ಸಾಲಾಗಿ ಬಾ’ ಎಂದು ಒಂದೇ ಉಸಿರಲ್ಲಿ ಮೂರು ಕೆಲಸ ಹೇಳಿದರೆ ಕನ್ನಡದ ಮನೆಯ ಮಗುವೇ ಎರಡನೆಯದಕ್ಕೆ ತಪ್ಪುತ್ತದೆ. ಒಂದು ಸಲಕ್ಕೆ ಒಂದೇ ಮಾತು. ಕೈಗೆ ನಿಲುಕುವಷ್ಟು ಹತ್ತಿರ ಹೋಗಿ, ಕುಕ್ಕುರುಗಾಲಲ್ಲಿ ಕೂತು, ಹೆಸರು ಹಿಡಿದು, ಹೇಳಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಬೇಕು. ನಾವು ಎರಡಕ್ಕೇ ದನಿ ಏರಿಸುತ್ತೇವೆ; ಮಗು ಆಗಿನ್ನೂ ಹೇಳಿದ್ದನ್ನು ತನ್ನ ಭಾಷೆಗೆ ತಿರುಗಿಸಿಕೊಳ್ಳುತ್ತಿರುತ್ತದೆ.

ಗದ್ದಲದ ದೊಡ್ಡ ಪಾಲು ಕೋಣೆಯೊಳಗಲ್ಲ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವ ಸಂದಿನಲ್ಲಿ. ಮೂರು ನಳಕ್ಕೆ ಮೂವತ್ತು ಮಕ್ಕಳನ್ನು ಬಿಟ್ಟರೆ ತಳ್ಳಾಟ ಆಗಲೇಬೇಕು. ಒಂದು ಸಲಕ್ಕೆ ಒಂಬತ್ತು ಮಕ್ಕಳು, ನಳಕ್ಕೆ ಮೂವರು. ಉಳಿದವರು ಕೋಣೆಯಲ್ಲೇ ಹಾಡು ಹೇಳುತ್ತಾ ಕೂತಿರಲಿ. ತಳ್ಳುವ ಅಭ್ಯಾಸದವನಿಗೆ ಸಾಲಿನಲ್ಲಿ ಜಾಗವನ್ನೇ ಕೊಡುವುದಿಲ್ಲ. ಸಾಬೂನು ಅವನ ಕೈಯಲ್ಲಿ. ನಳದ ಬದಿಗೆ ನಿಂತು ಪ್ರತಿಯೊಬ್ಬರ ಕೈಗೂ ಅವನೇ ಸಾಬೂನು ಕೊಟ್ಟು ತಿರುಗಿ ಇಸಿದುಕೊಳ್ಳುತ್ತಾನೆ, ಕೊನೆಗೆ ತಾನು ತೊಳೆಯುತ್ತಾನೆ. ಕೆಲಸ ನಿಜವಾದದ್ದಾಗಿರಬೇಕು. ಬರೀ ಸುಮ್ಮನಿರಿಸಲು ಕೊಟ್ಟ ಕೆಲಸವನ್ನು ಮಕ್ಕಳು ಎರಡೇ ದಿನದಲ್ಲಿ ಗುರುತಿಸುತ್ತಾರೆ. ಒಂದು ಕೆಲಸ ಒಬ್ಬನಲ್ಲೇ ಮೂರು ವಾರ ಮೀರಿ ಇರಬಾರದು, ಇಲ್ಲವಾದರೆ ‘ಹೊಡದಾಡಿದ್ರ ಸಾಬಾಣ ಕೊಡ್ತಾರ’ ಎಂಬ ಮಾತು ಹುಟ್ಟುತ್ತದೆ. ಹುಟ್ಟಿಯೂ ಇದೆ.

ಶನಿವಾರ ಮುಂಜಾನೆ ಶಾಲೆ. ಕೂಲಿಗೆ ಹೋಗುವ ಮನೆಯಲ್ಲಿ ಅಷ್ಟೊತ್ತಿಗೆ ರೊಟ್ಟಿ ಆಗಿರುವುದಿಲ್ಲ, ಮಗು ಚಹಾ ಕುಡಿದು ಬಂದಿರುತ್ತದೆ. ಆ ದಿನ ಪ್ರಾರ್ಥನೆ ಮುಗಿದೊಡನೆ ಬರೆಯುವ ಕೆಲಸ ಇಡುವುದಿಲ್ಲ. ಆಟ, ಹಾಡು, ಅಂಗಳ. ಉಳಿದ ದಿನ ಕ್ಷೀರಭಾಗ್ಯದ ಹಾಲು ಕುಡಿಯದೆ ಲೋಟ ಸರಿಸುವವರು ಯಾರು ಅಂತ ಕಣ್ಣಿಡುತ್ತೇನೆ. ಹನ್ನೆರಡರ ಹೊತ್ತಿಗೆ ವಹಿಯಲ್ಲಿ ಅವರ ಹೆಸರೇ ಹೆಚ್ಚು.

ನಿಯಮ ಮೂರೇ, ಅವರ ಮಾತಲ್ಲೇ: ‘ಕೈ ನಮ್ಮ ಹಂತೇಕ. ಮಾತು ಮೆಲ್ಲಕ. ಒಬ್ರಾದ ಮ್ಯಾಲ ಒಬ್ರು.’ ಹತ್ತು ನಿಯಮ ಬರೆದು ಗೋಡೆಗೆ ಅಂಟಿಸಿದರೆ ಓದುವವರು ತಪಾಸಣೆಗೆ ಬಂದವರು ಮಾತ್ರ. ಜೂನ್ ತಿಂಗಳ ಮೊದಲ ಎರಡು ವಾರ ದಿನಕ್ಕೆ ಐದು ನಿಮಿಷ ಈ ಮೂರನ್ನು ಆಡಿ ತೋರಿಸಿ, ತಪ್ಪಾಗಿ ಆಡಿ ನಗಿಸಿ, ಮತ್ತೆ ಸರಿಯಾಗಿ ಆಡಿಸುತ್ತೇನೆ. ದಸರೆ ರಜೆ ಮುಗಿದ ಮೇಲೆ ಮತ್ತೆ ಮೂರು ದಿನ. ಹೋಳಿಹುಣ್ಣಿಮೆಯಿಂದ ರಂಗಪಂಚಮಿಯವರೆಗೆ ನಿಯಮಗಳ ಮಾತು ಎತ್ತುವುದಿಲ್ಲ. ಹುಬ್ಬಳ್ಳಿಯಲ್ಲಿ ಆ ಐದು ದಿನ ದೊಡ್ಡವರಿಗೇ ನಿಯಮವಿಲ್ಲ.

ಒಳ್ಳೆಯದನ್ನು ಕಂಡು ಹೇಳುವುದು ಎಲ್ಲರಿಗೂ ಗೊತ್ತಿರುವ ಮಾತು, ಯಾರೂ ಮಾಡದ ಮಾತು. ಅದಕ್ಕೇ ಲೆಕ್ಕ ಬೇಕು. ಮುಂಜಾನೆ ಬಲಗಿಸೆಯಲ್ಲಿ ಹತ್ತು ಹುಣಸೆಬೀಜ ಹಾಕಿಕೊಳ್ಳುತ್ತೇನೆ. ವಹಿಯಲ್ಲಿರುವ ಆ ಒಂದು ಮಗು ಏನಾದರೂ ಸರಿಯಾಗಿ ಮಾಡಿದ್ದನ್ನು ಕಂಡು ಹೇಳಿದಾಗ ಒಂದು ಬೀಜ ಎಡಗಿಸೆಗೆ. ಊಟದ ಗಂಟೆಯೊಳಗೆ ಹತ್ತೂ ಎಡಕ್ಕೆ ಹೋಗಬೇಕು. ಮೊದಲ ದಿನ ಮೂರು ಹೋದರೆ ಹೆಚ್ಚು, ಮತ್ತು ಆ ಮೂರೂ ‘ಶಾಣ್ಯಾ’ ಎಂಬ ಒಂದೇ ಶಬ್ದವಾಗಿರುತ್ತದೆ. ಶಾಣ್ಯಾ ಅಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ. ‘ಕಾರ್ಡ ತಗದಲ್ಲೇ ಇಟ್ಟಿ ನೋಡು’ ಅಂದರೆ ತಿಳಿಯುತ್ತದೆ. (ಸೀರೆಗೆ ಕಿಸೆ ಇಲ್ಲ ಎಂಬ ತಕರಾರು ಅಕ್ಕೋರ ಕಡೆಯಿಂದ ಬರುವುದು ಸರಿಯೇ. ಮೇಜಿನ ಮೇಲೆ ಎರಡು ಬಟ್ಟಲು ಇಟ್ಟುಕೊಂಡರೂ ನಡೆಯುತ್ತದೆ, ಆದರೆ ಮಕ್ಕಳ ಕೈಗೆ ಸಿಗಬಾರದು. ಬೀಜ ಮೂಗಿಗೆ ಹೋಗುತ್ತದೆ.)

ಇಷ್ಟೆಲ್ಲ ಮಾಡಿದರೂ ಕಚ್ಚುವುದು, ಕಲ್ಲು ಎತ್ತುವುದು ಒಮ್ಮೆಯಾದರೂ ಆಗುತ್ತದೆ. ಆಗಿನ ಕ್ರಮ ಮೊದಲೇ ಕೈಗೆ ಹತ್ತಿರಬೇಕು. ಇಬ್ಬರ ನಡುವೆ ನನ್ನ ಮೈ. ಮೊದಲ ಮಾತು ಪೆಟ್ಟು ತಿಂದ ಮಗುವಿನ ಜೊತೆ. ಹೊಡೆದವನಿಗೆ ಮೊದಲ ನಿಮಿಷದ ಗಮನ ಸಿಗಬಾರದು. ಕಚ್ಚಿದ್ದರಿಂದ ಚರ್ಮ ಹರಿದಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಐದು ನಿಮಿಷ ತೊಳೆದು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಹೊಡೆದವನಿಗೆ ಎರಡೇ ಮಾತು: ‘ಹೊಡಿಯೂದಿಲ್ಲ. ಕೌದಿ ಕಡೆ ನಡಿ.’ ‘ಯಾಕ ಹೊಡದಿ?’ ಅಂತ ಕೇಳುವುದಿಲ್ಲ. ಆ ಪ್ರಶ್ನೆಗೆ ಆರು ವರ್ಷದವನ ಹತ್ತಿರ ಉತ್ತರ ಇರುವುದಿಲ್ಲ. ಒತ್ತಾಯಿಸಿದರೆ ಸುಳ್ಳು ಹೊಸೆಯುವುದನ್ನು ಕಲಿಯುತ್ತಾನೆ.

ಕೌದಿ ಅಂದರೆ ಕೋಣೆಯ ಒಂದು ಮೂಲೆ. ಬಾಗಿಲಿಗೆ ದೂರ, ನನ್ನ ಕಣ್ಣಿಗೆ ಎದುರು, ಎರಡು ಬದಿ ಗೋಡೆ. ಹಳೆಯ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ. ಒಂದು ನೀರಿನ ಬಾಟಲಿ, ಒದ್ದೆ ಅರಿವೆಯಲ್ಲಿ ಸುತ್ತಿದ ಎರೆಮಣ್ಣಿನ ಮುದ್ದೆ ಒಂದು ಮುಷ್ಟಿಯಷ್ಟು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಹದಕ್ಕೇ ನಾದಬೇಕು. ಬೆರಳಿಗೆ ಅಂಟುವಷ್ಟು ನೀರಾದರೆ ಗೋಡೆಗೆ ಹೋಗುತ್ತದೆ, ಗಟ್ಟಿಯಾದರೆ ಅದೇ ಕಲ್ಲಾಗುತ್ತದೆ. ಅರಿವೆ ದಿನಾ ಒದ್ದೆ ಮಾಡಿದರೆ ನಾಲ್ಕೈದು ದಿನ ಬಾಳುತ್ತದೆ. ಕಪ್ಪು ಮಣ್ಣನ್ನು ಎರಡೂ ಕೈಯಲ್ಲಿ ಒತ್ತಿ ಒತ್ತಿ ಕೂತ ಮಗುವಿನ ಉಸಿರು ಇಳಿಯುವುದು ಕಣ್ಣಿಗೇ ಕಾಣುತ್ತದೆ: ಮೊದಲು ಭುಜ ಕೆಳಗೆ ಬರುತ್ತದೆ, ಆಮೇಲೆ ಮುಷ್ಟಿ ಬಿಚ್ಚುತ್ತದೆ, ಆಮೇಲೆ ಮಣ್ಣಿನಲ್ಲಿ ಒಂದು ಕೋಡೋ ಕಾಲೋ ಮೂಡುತ್ತದೆ. ಕೋಡು ಮೂಡಿತೆಂದರೆ ಕರೆಯಬಹುದು. ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ.

ಈ ಮೂಲೆ ಹಾಳಾಗುವುದು ಮೂರು ಬಗೆಯಲ್ಲಿ. ಒಂದು, ಸಿಟ್ಟಿನಲ್ಲಿ ‘ಹೋಗಿ ಕೌದ್ಯಾಗ ಬೀಳ ಹೋಗು’ ಅಂದುಬಿಟ್ಟರೆ ಅಂದಿಗೆ ಅದು ಶಿಕ್ಷೆಯ ಕಟ್ಟೆ, ಮತ್ತೆ ಯಾರೂ ತಾವಾಗಿ ಹೋಗುವುದಿಲ್ಲ. ಅದಕ್ಕೆ ಮದ್ದು, ಏನೂ ಆಗದ ದಿನ ಎಲ್ಲ ಮಕ್ಕಳೂ ಸರದಿಯಂತೆ ಅಲ್ಲಿ ಕೂತು ಬರುವುದು; ನಾನೂ ಕೂರುತ್ತೇನೆ. ಎರಡು, ಅಲ್ಲಿಂದ ಎದ್ದು ಬಂದವನಿಗೆ ಬಿಟ್ಟ ಕೆಲಸ ಮಾಫಿ ಮಾಡಿದರೆ ಆ ಮೂಲೆ ಕೋಣೆಯೊಳಗಿನ ಸಸ್ಪೆನ್ಶನ್ ಆಗುತ್ತದೆ. ಅದೇ ಕೆಲಸ ಕಾದಿರಬೇಕು, ಆದರೆ ಸಣ್ಣದಾಗಿ: ಆರು ಲೆಕ್ಕದ ಬದಲು ಎರಡು. ಮೂರು, ಒತ್ತಾಯದ ‘ಸಾರಿ’. ಎಲ್ಲರೆದುರು ಕೈ ಹಿಡಿಸಿ ಸಾರಿ ಹೇಳಿಸಿದರೆ ಗಂಟೆಯೊಳಗೆ ಇನ್ನೊಂದು ಪೆಟ್ಟು ಬೀಳುತ್ತದೆ. ಕೈಯಿಂದ ಸರಿಪಡಿಸಲಿ: ಚೆಲ್ಲಿದ ಕಾರ್ಡು ಜೋಡಿಸಲಿ, ಪೆಟ್ಟು ತಿಂದವಳಿಗೆ ನೀರು ತಂದುಕೊಡಲಿ. ಅವಳು ಬೇಡ ಅಂದರೆ ಬೇಡ.

ಕೌದಿಯೂ ಆಗದಷ್ಟು ಕೆರಳಿ ಮಗು ಕೈಗೆ ಸಿಕ್ಕಿದ್ದನ್ನು ಒಗೆಯುತ್ತಿದ್ದರೆ ಅವನನ್ನು ಎಳೆದಾಡುವುದಿಲ್ಲ. ಉಳಿದವರನ್ನು ಅಂಗಳಕ್ಕೆ ಕರೆದೊಯ್ಯುತ್ತೇನೆ. ನೋಡುವವರಿಲ್ಲದ ರಂಪ ಬೇಗ ಮುಗಿಯುತ್ತದೆ. ನಾನೋ ಇನ್ನೊಬ್ಬ ಶಿಕ್ಷಕರೋ ಬಾಗಿಲಲ್ಲಿ, ಮಾತಿಲ್ಲದೆ. ಕೈ ಹಿಡಿಯುವುದು ರಸ್ತೆಗೋ ಬಾವಿ ಕಡೆಗೋ ಓಡಿದರೆ ಮಾತ್ರ. ಎರಡನೇ ಕೋಣೆ ಇರುವ ಶಾಲೆಯಲ್ಲಿ ಮೊದಲೇ ಮಾತಾಡಿಟ್ಟುಕೊಂಡ ಸಹೋದ್ಯೋಗಿಯ ಹತ್ತಿರ ಇಪ್ಪತ್ತು ನಿಮಿಷ, ಕೈಯಲ್ಲಿ ಕೆಲಸ ಕೊಟ್ಟು. ಅವರು ‘ಏನ ಮಾಡಿ ಬಂದ್ಯೋ ಮಗನ’ ಅಂತ ಸ್ವಾಗತಿಸುವವರಾದರೆ ಕಳಿಸದಿರುವುದೇ ಮೇಲು. ಏಳನೇ ತರಗತಿಯ ದೊಡ್ಡ ಹುಡುಗರನ್ನು ಕಾವಲಿಗೆ ಇಡುವುದಂತೂ ಬೇಡವೇ ಬೇಡ. ನಾವು ಬಿಟ್ಟ ಹೊಡೆತವನ್ನು ಅವರು ಹೊಡೆಯುತ್ತಾರೆ.

ಮಾನಿಟರ್ ಕೈಗೆ ಸೀಮೆಸುಣ್ಣ ಕೊಟ್ಟು ‘ಮಾತಾಡಿದವರ ಹೆಸರ ಬರಿ’ ಅನ್ನುವುದು ಇನ್ನೂ ಎಲ್ಲ ಶಾಲೆಯಲ್ಲೂ ಇದೆ. ದಿನಾ ಹಲಗೆಯ ಮೇಲೆ ಮೊದಲು ಬರುವ ಹೆಸರು ಯಾರದು ಅಂತ ನೋಡಿ. ಅವನು ಮಾತಾಡುವ ಮುಂಚೆಯೇ ಹೆಸರು ಬಿದ್ದಿರುತ್ತದೆ.

ಇನ್ನು ಮನೆಯವರು. ಗಲಾಟೆಯಾದ ದಿನವೇ ಗೇಟಿನ ಹತ್ತಿರ ನಾಲ್ಕು ಜನರೆದುರು ಹೇಳಿದರೆ ಆ ರಾತ್ರಿ ಬಾಸುಂಡೆ ಖಾತ್ರಿ. ಹನ್ನೊಂದು ಗಂಟೆಗೆ ಬನ್ನಿ ಅಂದರೆ ಒಂದು ದಿನದ ಕೂಲಿ ಹೋಯಿತು, ಅದರ ಸಿಟ್ಟೂ ಮಗುವಿನ ಬೆನ್ನಿಗೇ. ಅಮಾವಾಸ್ಯೆಗೆ ಹೊಲದ ಕೆಲಸ ಇಲ್ಲ, ಸೋಮವಾರ ಎತ್ತು ಹೂಡುವುದಿಲ್ಲ. ಆ ದಿನ ನೋಡಿ ನಾವೇ ಹೋಗುವುದು. ಬ್ಯಾಡಗಿ ಕಡೆ ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಸಂಜೆ ಏಳರ ಮೇಲೆಯೇ ಸಿಗುತ್ತಾರೆ. ಮೊದಲ ಭೇಟಿ ದೂರಿನದ್ದಾಗಿರಬಾರದು. ಎರಡನೆಯದರಲ್ಲಿ ಮಾತು ಹೆಚ್ಚುಕಡಿಮೆ ಹೀಗೇ ಸಾಗುತ್ತದೆ:

‘ಏನ ಮಾಡ್ಯಾನ್ರಿ ಸರ ಮತ್ತ? ಕಣ್ಣೊಂದ ಬಿಟ್ಟ ಎಲ್ಲಿ ಬೇಕಾದಲ್ಲಿ ಹೊಡೀರಿ, ನಾ ಕೇಳಾಂಗಿಲ್ಲ.’

‘ಹೊಡತದ ಮಾತ ಬ್ಯಾಡ ಬಿಡ್ರೆವ್ವಾ. ರಾತ್ರಿ ಎಷ್ಟಕ್ಕ ಮಲಗತಾನ?’

‘ಎಲ್ಲಿ ಮಲಗೂದ್ರಿ, ಅವರ ಕಾಕಾನ ಮೊಬೈಲ ಹಿಡಕೊಂಡ ಹನ್ನೊಂದ ಆಕ್ಕೈತಿ.’

‘ಮುಂಜಾನೆ ಏನ ತಿಂದ ಬರ್ತಾನ?’

‘ನಾ ಏಳಕ್ಕ ಹೊಲಕ್ಕ ಹೋಗಿರ್ತೀನ್ರಿ ಸರ. ಅವರ ಆಯಿ ಏನ ಕೊಡ್ತಾಳೋ ಏನೋ.’

ಮೂರೇ ಪ್ರಶ್ನೆ: ನಿದ್ದೆ, ಮುಂಜಾನೆಯ ಊಟ, ಮನೆಯಲ್ಲಿ ಈಗ ಯಾರಿದ್ದಾರೆ. ಅತ್ತೆಯ ಎದುರು ಸೊಸೆಯನ್ನು ಕೇಳಬಾರದು. ಮಗುವಿನ ತಪ್ಪು ತಾಯಿಯ ಮೇಲೆ ಬಂದು ನಿಲ್ಲುತ್ತದೆ. ಒಂದೇ ಒಂದು ಬದಲಾವಣೆ ಕೇಳಿಕೊಂಡು ಬರಬೇಕು, ಉದಾಹರಣೆಗೆ ಒಂಬತ್ತಕ್ಕೆ ಮೊಬೈಲು ಕಾಕಾನ ತಲೆದಿಂಬಿನ ಕೆಳಗೆ. ಐದು ಹೇಳಿದರೆ ಒಂದೂ ಆಗುವುದಿಲ್ಲ. ಕಬ್ಬು ಕಡಿಯಲು ಹೋದವರ ಮಕ್ಕಳು ತಿರುಗಿ ಬಂದ ಮೊದಲ ಎರಡು ವಾರ ಹೊಡೆದಾಟ ಹೆಚ್ಚು. ಆಗ ವಹಿ ಹಿಡಿಯುವುದಕ್ಕಿಂತ ಜೊತೆಗೊಬ್ಬ ಗೆಳೆಯನನ್ನು ಹಚ್ಚಿಕೊಟ್ಟು ಕಾಯುವುದು ವಾಸಿ.

ಪೆಟ್ಟು ತಿಂದ ಮಗುವಿನ ಮನೆಯವರ ಸಿಟ್ಟು ನ್ಯಾಯವಾದದ್ದೇ. ‘ಆ ಹುಡುಗನ್ನ ತಗೀರಿ, ಇಲ್ಲಾ ನಮ್ಮ ಹುಡುಗೀದು ಟಿ.ಸಿ. ಕೊಡ್ರಿ’ ಎಂಬ ಮಾತು ಬರುವುದು ಬಹುತೇಕ ಅವರಿಗೆ ವಿಷಯ ಮಗುವಿನ ಬಾಯಿಂದ ಮೊದಲು ತಿಳಿದಾಗ. ಮಗು ಮನೆ ಮುಟ್ಟುವ ಮುಂಚೆ ಫೋನು ಹೋಗಿರಬೇಕು: ಏನಾಯಿತು, ಏನು ಔಷಧ ಹಚ್ಚಿದೆವು, ಮುಂದಿನ ಹತ್ತು ದಿನ ಇಬ್ಬರ ಜಾಗ, ಊಟದ ಸಾಲು, ಆಟದ ಹೊತ್ತು ಹೇಗೆ ಬೇರೆ ಇರುತ್ತದೆ. ಆ ಇನ್ನೊಂದು ಮಗುವಿನ ಮನೆಯ ಸಂಗತಿ ಒಂದಕ್ಷರವೂ ಬೇಡ. ವಿಷಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಬಂದರೆ ಠರಾವಿನಲ್ಲಿ ಮಗುವಿನ ಹೆಸರು ಬರೆಸಬಾರದು. ‘ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಶಾಲೆಯ ವೇಳೆಯಲ್ಲಿ ಮನೆಗೆ ಕಳಿಸುವುದಿಲ್ಲ, ಕಾಯಿಲೆಯಾದಾಗ ಪಾಲಕರೇ ಬಂದು ಸಹಿ ಮಾಡಿ ಕರೆದೊಯ್ಯಬೇಕು, ಅಣ್ಣ, ಅಕ್ಕಂದಿರ ಜೊತೆ ಕಳಿಸುವಂತಿಲ್ಲ’ ಎಂದು ವರ್ಷದ ಮೊದಲ ಸಭೆಯಲ್ಲೇ ಠರಾವು ಮಾಡಿಸಿಟ್ಟರೆ ಗಲಾಟೆಯ ದಿನ ಅದೇ ಆಸರೆ. ಗಲಾಟೆಯ ದಿನ ಹೊಸ ಠರಾವು ಮಾಡಲು ಕೂತರೆ ‘ತಗೀರಿ’ ಎಂಬುದೇ ಪಾಸಾಗುತ್ತದೆ.

ವಹಿ, ಕಾರ್ಡು, ಬೀಜ, ಕೌದಿ, ಮನೆಭೇಟಿ ಎಲ್ಲ ಸೇರಿ ಆರು ವಾರ ಕೊಡುತ್ತೇನೆ. ಎರಡನೇ ವಾರದ ಹೊತ್ತಿಗೆ ಒಮ್ಮೆ ಎಲ್ಲವೂ ಮೊದಲಿಗಿಂತ ಕೆಟ್ಟಂತೆ ಕಾಣುತ್ತದೆ. ಹಿಂದೆ ಚೀರಿದರೆ ಸಿಗುತ್ತಿದ್ದುದು ಈಗ ಸಿಗದಿದ್ದರೆ ಮಗು ಮೊದಲು ಇನ್ನೂ ಜೋರಾಗಿ ಚೀರಿ ನೋಡುತ್ತದೆ. ಬಹಳಷ್ಟು ಜನ ಕೈಬಿಡುವುದು ಇಲ್ಲೇ, ನಾಲ್ಕೈದು ದಿನ ತಾಳಿದ್ದರೆ ಇಳಿಯುತ್ತಿತ್ತು. ಅತಿಥಿ ಶಿಕ್ಷಕರಿಗೆ, ಬಿಸಿಯೂಟದ ಅಕ್ಕಂದಿರಿಗೆ ಹೇಳದೇ ಇದ್ದರೂ ಕೆಡುತ್ತದೆ. ನಾವು ಮುಂಜಾನೆಯೆಲ್ಲ ಕಟ್ಟಿದ್ದನ್ನು ಅನ್ನ ಬಡಿಸುವಾಗಿನ ಒಂದು ‘ಬಂತ ನೋಡ ಮಂಗ್ಯಾ’ ಕೆಡವುತ್ತದೆ.

ಆರು ವಾರಕ್ಕೂ ಬಗ್ಗದಿದ್ದರೆ, ಅಥವಾ ಮಗು ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ, ಬರುತ್ತಿದ್ದ ಮಾತು ನಿಂತಿದ್ದರೆ ಆರು ವಾರ ಕಾಯದೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್) ಕಳಿಸಬೇಕು. ತಾಲೂಕಿನ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಮೊದಲು ಕೇಳಿದರೆ ದಾರಿ ಸಲೀಸು. ಪಾಲಕರ ಕೈಯಲ್ಲಿ ವಹಿಯ ಆ ಎರಡು ಪುಟದ ಝೆರಾಕ್ಸು, ಮಗುವಿನ ಒಂದು ಬರಹದ ವಹಿ ಕೊಟ್ಟು ಕಳಿಸಬೇಕು. ವೈದ್ಯರಿಗೆ ‘ಬಾಳ ತ್ರಾಸ ಕೊಡ್ತಾನ್ರಿ’ ಎಂಬುದಕ್ಕಿಂತ ಆ ಎರಡು ಪುಟ ಹೆಚ್ಚು ಹೇಳುತ್ತದೆ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇತ್ಯಾದಿ ಹೆಸರು ನಾವು ಬರೆಯುವಂತಿಲ್ಲ, ಬಾಯಲ್ಲೂ ಆಡಬಾರದು. ವಯಸ್ಸಿಗೆ ಮೀರಿದ ಲೈಂಗಿಕ ಮಾತು, ಆಟ ಕಂಡರೆ ಅದನ್ನು ಅಸಭ್ಯ ನಡತೆ ಎಂದು ದಾಖಲಿಸಿ ಮುಚ್ಚಬಾರದು. ಮಗುವಿನ ಮೇಲೆ ಏನೋ ನಡೆದಿದೆ ಎಂಬ ಸಂಶಯ ಬಂದರೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ವಹಿಯಲ್ಲಿ ಸತತ ಹತ್ತು ಶಾಲಾ ದಿನ ಮೂರಕ್ಕಿಂತ ಕಡಿಮೆ ದಾಖಲೆ ಇದ್ದರೆ ಆ ಮಗುವಿನ ಪುಟ ಮುಚ್ಚುತ್ತೇನೆ. ಮಾರ್ಚ್ ಕೊನೆಗೆ ಮುಂದಿನ ತರಗತಿಯ ಶಿಕ್ಷಕರಿಗೆ ಒಂದು ಚೀಟಿ ಮಾತ್ರ ಹೋಗುತ್ತದೆ, ವಹಿ ಹೋಗುವುದಿಲ್ಲ. ಹಳೆಯ ಪಾಪದ ಪಟ್ಟಿ ಹೊಸ ಕೋಣೆಗೆ ಬೇಡ. ಚೀಟಿಯಲ್ಲಿ ನಾಲ್ಕು ಸಾಲು: ‘ಎಡಗಿವಿ ಮಂದ, ಬಲಬದಿಗೆ ನಿಂತು ಮಾತಾಡಿ. ಓದುವ ಕಾರ್ಡು ಕೊಟ್ಟ ಕೂಡಲೇ ಒಮ್ಮೆ ಹತ್ತಿರ ಹೋಗಿ. ಶನಿವಾರ ಹಸಿದು ಬರುತ್ತಾನೆ. ತಾಟು ಎಣಿಸುವ ಕೆಲಸ ಚೆನ್ನಾಗಿ ಮಾಡುತ್ತಾನೆ.’